ಹೂಂ ಅಂದರೆ ಹೌದಲ್ಲ

ಅವಳಿಗೆ ಹೂಂಗುಟ್ಟಮ್ಮ ಎಂದು ಹೆಸರಿಟ್ಟವರು ಅವಳ ಭಾವ, ಅಂದರೆ ಅಕ್ಕನ ಗಂಡ. ಇಟ್ಟಿದ್ದು ತಮಾಷೆಗೆ, ಆದರೆ ಅದು ಅಂಟಿಕೊಂಡುಬಿಟ್ಟಿತು. ಎದುರಿಗಿದ್ದವರು ಏನೇ ಹೇಳಲಿ, ಮಾತಿನ ಸಂದಿಸಂದಿಯಲ್ಲಿ "ಹೂಂ... ಹೂಂ..." ಎನ್ನುತ್ತಲೇ ಇರುವುದು ಅವಳ ಅಭ್ಯಾಸ. ಹಾಲಿನವನು ನಾಳೆ ಬರುವುದಿಲ್ಲ ಎಂದರೂ ಹೂಂ, ಅಕ್ಕ ತನ್ನ ಮಂಡಿನೋವಿನ ಪುರಾಣ ತೆಗೆದರೂ ಹೂಂ. ಭಾವ ಒಮ್ಮೆ ಪರೀಕ್ಷೆ ಮಾಡಲೆಂದೇ "ನಿಮ್ಮಕ್ಕನ್ನ ಬಿಟ್ಟು ಓಡಿಹೋಗ್ಬೇಕು ಅಂತಿದೀನಿ" ಎಂದಾಗಲೂ ಹೂಂ ಅಂದಿದ್ದಳಂತೆ.

ಅದು ಉದ್ಯೋಗದಿಂದ ಬಂದ ಅಭ್ಯಾಸ. ನೊಂದವರು ಫೋನ್ ಮಾಡಿ ಮನಸ್ಸು ಹಗುರ ಮಾಡಿಕೊಳ್ಳುವ ಸರ್ಕಾರಿ ಸಹಾಯವಾಣಿಯಲ್ಲಿ ಅವಳು ಕೂದಲು ಬೆಳ್ಳಗಾಗುವಷ್ಟು ಕಾಲ ಕೂತಿದ್ದಳು. ಹಳೇ ಔಷಧಿ ಗೋದಾಮನ್ನು ಪ್ಲೈವುಡ್ ಹೊಡೆದು ಪುಟ್ಟ ಪುಟ್ಟ ಗೂಡು ಮಾಡಿದ್ದರು. ಒಂದು ಗೂಡಿನ ಅಳು ಇನ್ನೊಂದು ಗೂಡಿಗೆ ಕೇಳಿಸಬಾರದೆಂದು ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ತಟ್ಟೆ ಅಂಟಿಸಿದ್ದರು. ಅಲ್ಲಿ ಕೂತವರು ಬುದ್ಧಿ ಹೇಳುವ ಹಾಗಿಲ್ಲ, ತಪ್ಪು ಯಾರದೆಂದು ತೀರ್ಮಾನಿಸುವ ಹಾಗಿಲ್ಲ. ಸುಮ್ಮನಿರುವ ಹಾಗಂತೂ ಇಲ್ಲವೇ ಇಲ್ಲ. ಈ ಕಡೆ ಸದ್ದು ನಿಂತರೆ ಆ ಕಡೆಯವರು "ಇದೀರಾ?" ಎಂದು ಗಾಬರಿಯಾಗುತ್ತಾರೆ. ಅದಕ್ಕೇ ಈ ಹೂಂ. ಇದ್ದೇನೆ, ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಎಂದು ಅರ್ಥ. ನಮ್ಮ ಮಾತು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಶಾಸನಸಭೆಯ ವರದಿ ಪುಸ್ತಕಕ್ಕೆ ಮಾತು ಬರುವುದಿಲ್ಲ, ಬರವಣಿಗೆ ಮಾತ್ರ ಬರುತ್ತದೆ.

ಒಂದು ಮಧ್ಯಾಹ್ನ ಅವಳಿಗೆ ಒಂದು ಕರೆ ಬಂದಿತ್ತು. ವಯಸ್ಸಾದ ಹೆಂಗಸಿನ ದನಿ. ಮೊದಲು ಕೇಳಿದ್ದು, "ಇದು ಯಾರಿಗೂ ಗೊತ್ತಾಗಲ್ಲ ತಾನೆ?" ಎಂದು. ಗೊತ್ತಾಗುವುದಿಲ್ಲ ಎಂದು ಹೂಂಗುಟ್ಟಮ್ಮ ಮಾತು ಕೊಟ್ಟಳು. ಆಮೇಲೆ ಆ ಹೆಂಗಸು ತಾನು ಯಾರೆಂದು ತಾನಾಗಿಯೇ ಹೇಳಿಕೊಂಡಳು. ಎದುರು ಪಕ್ಷದ ಹಿರಿಯ ನಾಯಕರು, ಊರೆಲ್ಲ ದೊಡ್ಡವರು ಎಂದು ಕರೆಯುವವರು, ಅವಳ ಗಂಡ. ಹೊರಗೆ ಕೈ ಮುಗಿಯುವ ಆ ದೊಡ್ಡವರು ಮನೆಯೊಳಗೆ ಕೈ ಎತ್ತುತ್ತಿದ್ದರು. "ಮೊಮ್ಮಕ್ಕಳಾಗೋ ವಯಸ್ಸಲ್ಲಿ ಇದನ್ನ ಯಾರಿಗೆ ಹೇಳಲಿ? ಸೊಸೆ ಮುಂದೆ ತಲೆ ಎತ್ಕೊಂಡು ಓಡಾಡ್ಬೇಕು ನಾನು. ಅವಳಿಗಂತೂ ಗೊತ್ತಾಗ್ಲೇಬಾರದು" ಎಂದಳು.

ಆ ಮನೆಯಿಂದ ಸಹಾಯವಾಣಿಗೆ ಕರೆ ಹೋಗಿದೆ ಎಂಬ ಸುದ್ದಿ ಹೇಗೋ ಸೋರಿ ಆಳುವ ಪಕ್ಷದವರ ಕಿವಿಗೆ ಬಿತ್ತು. ಕರೆ ತೆಗೆದುಕೊಂಡವಳು ಹೂಂಗುಟ್ಟಮ್ಮ ಎಂಬುದೂ ಗೊತ್ತಾಯಿತು, ಮಾಡಿದ್ದು ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಶಾಸನಸಭೆಯ ಸಮಿತಿಯೊಂದು ಸಹಾಯವಾಣಿಯಲ್ಲಿ ಸಿಬ್ಬಂದಿ, ಫೋನು, ತರಬೇತಿ ಸಾಕಷ್ಟಿವೆಯೇ ಎಂದು ವಿಚಾರಣೆ ನಡೆಸುತ್ತಿತ್ತು. ಸಾಲುತ್ತಿಲ್ಲ ಎಂದು ಗೋಡೆಯ ಮೊಟ್ಟೆ ತಟ್ಟೆಗಳೇ ಹೇಳುತ್ತಿದ್ದವು, ಅದಕ್ಕೆ ಸಮಿತಿ ಬೇಕಿರಲಿಲ್ಲ. ಆದರೂ ಹೂಂಗುಟ್ಟಮ್ಮನಿಗೆ ಸಾಕ್ಷಿ ಹೇಳಲು ಬರಬೇಕೆಂದು ಕರೆ ಬಂತು. ಯಾಕೆಂದು ಅವಳಿಗೆ ತಕ್ಷಣ ಅರ್ಥವಾಯಿತು.

ಭಾವ ವಕೀಲರು. ಮನೆ ಬಾಡಿಗೆಯ ತಕರಾರು, ಕಾಂಪೌಂಡಿನ ತಕರಾರು ನೋಡಿಕೊಂಡು ಆರಾಮವಾಗಿದ್ದವರು. ನಾದಿನಿಗೋಸ್ಕರ ದೊಡ್ಡ ಕೋರ್ಟಿನ ಮೆಟ್ಟಿಲು ಹತ್ತಿ, ಸಮಿತಿ ಅವಳನ್ನು ಕರೆಯದಂತೆ ತಡೆಯಿರಿ ಎಂದು ಕೇಳಿಕೊಂಡರು. ಬರಿಗೈಯಲ್ಲಿ ಇಳಿದು ಬಂದರು.

"ಅವರು ಕೇಳಬಾರದ್ದನ್ನ ಕೇಳಿದ್ರೆ?" ಎಂದಳು ಹೂಂಗುಟ್ಟಮ್ಮ.

"ಕೇಳಬಾರದ್ದು ಕೇಳ್ತಾರೆ ಅಂತ ಈಗಲೇ ಯಾಕಂದ್ಕೋತೀರಿ ಅಂದ್ರು ಕೋರ್ಟಲ್ಲಿ. ಕಾನೂನು ಮಾಡೋರು ಕಾನೂನು ಮಾಡಕ್ಕೆ ಬೇಕಾದ್ದನ್ನ ಕೇಳಿ ತಿಳ್ಕೋಬೇಕಲ್ಲ, ಅವರ ಮನೆ ಬಾಗಿಲಲ್ಲಿ ನಿಂತು ಒಳಗೆ ಏನು ಮಾತಾಡ್ತೀರಿ ಅಂತ ಕೋರ್ಟು ಇಣುಕಿ ನೋಡಕ್ಕಾಗಲ್ಲ. ಅವಳು ಉತ್ತರ ಕೊಡಲ್ಲ ಅನ್ನಲಿ. ಅವರು ಶಿಕ್ಷೆ ಕೊಡಲಿ. ಆವಾಗ ಬನ್ನಿ, ನೋಡ್ತೀವಿ ಅಂದ್ರು."

"ಅಂದ್ರೆ ಏಟು ತಿಂದು ಬರ್ಬೇಕು."

"ಹೂಂ" ಎಂದು ಭಾವ ತಾವೇ ಅಂದು, ನಗಲು ಹೋಗಿ ನಗಲಾರದೆ ಕನ್ನಡಕ ತೆಗೆದು ಒರೆಸಿದರು.

ಸಮಿತಿಯ ಕೊಠಡಿ ಉದ್ದಕ್ಕಿತ್ತು. ಮೇಜಿನ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಗಾಜಿನ ಲೋಟಗಳು, ಲೋಟಗಳ ಮೇಲೆ ಮುಚ್ಚಳ. ಸದಸ್ಯರಲ್ಲಿ ಒಬ್ಬರು ಕಡಲೆಬೀಜ ತಿನ್ನುತ್ತಿದ್ದರು, ಇನ್ನೊಬ್ಬರು ಕೂತಲ್ಲೇ ತೂಕಡಿಸುತ್ತಿದ್ದರು. ಭಾವನಿಗೆ ಹಿಂದೆ ಕೂರಲು ಅನುಮತಿ ಇತ್ತು, ಬಾಯಿ ತೆರೆಯಲು ಇರಲಿಲ್ಲ. ಪಕ್ಕದ ಪುಟ್ಟ ಮೇಜಿನಲ್ಲಿ ಶೀಘ್ರಲಿಪಿಕಾರರು ಎದ್ದದ್ದು ಕೂತದ್ದು ಬಿಟ್ಟು ಆಡಿದ ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದರು.

ಮೊದಮೊದಲು ನೆಟ್ಟಗಿತ್ತು. ತರಬೇತಿ ಹೇಗೆ, ಫೋನು ಕೆಟ್ಟರೆ ರಿಪೇರಿ ಯಾರದು. ಅವಳು ಹೇಳಿದಳು. ಆಮೇಲೆ ಅಧ್ಯಕ್ಷರು ದೊಡ್ಡವರ ಮನೆಯಿಂದ ಕರೆ ಮಾಡಿದವರು ಯಾರು ಎಂದು ಕೇಳಿದರು. ಅವಳು ಹೇಳುವುದಿಲ್ಲ ಎಂದಳು. ಮತ್ತೆ ಕೇಳಿದರು, ಮತ್ತೆ ಹೇಳುವುದಿಲ್ಲ ಎಂದಳು. ಇನ್ನೇನು ಗದರುತ್ತಾರೆ ಎಂದುಕೊಂಡಳು. ಬೆನ್ನು ನೆಟ್ಟಗೆ ಮಾಡಿ ಕೂತಳು. ಅಧ್ಯಕ್ಷರು ಗದರಲಿಲ್ಲ. ಆ ಮನುಷ್ಯ ಜನರ ಮನೆ ಜಗಲಿಯಲ್ಲಿ ಕೂತು ಓಟು ಕೇಳಿ ಪಳಗಿದವರು. ಕುರ್ಚಿಗೆ ಒರಗಿಕೊಂಡು, ದನಿ ತಗ್ಗಿಸಿ, ಮನೆಯ ಹಿರಿಯನ ಹಾಗೆ ಮಾತಿಗಿಳಿದರು.

"ಹೋಗ್ಲಿ ಬಿಡಮ್ಮ. ನಿಮ್ಮ ಮೇಲೇನು ನಮಗೆ ಸಿಟ್ಟಿಲ್ಲ."

"ಹೂಂ" ಎಂದಳು.

"ದಿನಾ ಬೆಳಗಾದ್ರೆ ಜನರ ಕಷ್ಟ ಕೇಳೋದಂದ್ರೆ ಸುಮ್ನೆ ಮಾತಲ್ಲ. ತಲೆ ಕೆಟ್ಟುಹೋಗತ್ತೆ."

"ಹೂಂ."

"ಬಡವರು ಅಂತಲ್ಲ, ದೊಡ್ಡ ಮನೆಯವರಿಗೂ ಕಷ್ಟ ಇರತ್ತೆ. ಪಾಪ, ಹೊರಗೆ ಹೇಳ್ಕೊಳ್ಳಂಗಿಲ್ಲ."

"ಹೂಂ."

"ಈಗ ದೊಡ್ಡವರ ಸೊಸೆನೇ ತಗೊಳ್ಳಿ. ಚಿಕ್ಕ ವಯಸ್ಸು. ಆ ಹುಡುಗಿ ನಿಮಗೆ ಫೋನ್ ಮಾಡಿ ಆ ಮನೆ ಕಥೆ ಹೇಳ್ಕೊಂಡಾಗ..."

"ಹೂಂ" ಎಂದಳು ಹೂಂಗುಟ್ಟಮ್ಮ.

ಅಂದ ಮೇಲೆ ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡಳು. ಹಿಂದೆ ಭಾವನ ಕುರ್ಚಿ ಕಿರ್ರೆಂದಿತು. ಕಡಲೆಬೀಜದವರು ತಿನ್ನುವುದನ್ನು ನಿಲ್ಲಿಸಿದರು, ತೂಕಡಿಸುತ್ತಿದ್ದವರಿಗೂ ಎಚ್ಚರವಾಯಿತು. "ಅಲ್ಲ, ನಾನು ಹೇಳಿದ್ದು..." ಎಂದು ಅವಳು ಶುರುಮಾಡುವಷ್ಟರಲ್ಲಿ ಅಧ್ಯಕ್ಷರು ಲೋಟದ ಮುಚ್ಚಳ ತೆಗೆದು ನೀರು ಕುಡಿದು, "ಇವತ್ತಿಗೆ ಸಾಕು" ಎಂದು ಎದ್ದರು.

ವರದಿಯಲ್ಲಿ ಏನು ಬಂತೆಂದರೆ, ದೊಡ್ಡವರ ಸೊಸೆ ಕರೆ ಮಾಡಿದ್ದರೇ ಎಂಬ ಪ್ರಶ್ನೆಗೆ, ಸಾಕ್ಷಿ: ಹೌದು. ಶೀಘ್ರಲಿಪಿಕಾರರ ಮೇಲೆ ಸಿಟ್ಟು ಮಾಡಿಕೊಂಡು ಏನು ಉಪಯೋಗ? ಹೂಂ ಎಂಬುದನ್ನು ಸಭೆಯ ಪುಸ್ತಕದಲ್ಲಿ ಹಾಗೇ ಬರೆಯುವ ರೂಢಿ ಇಲ್ಲವಂತೆ. ಸಭ್ಯ ಭಾಷೆಗೆ ತಿರುಗಿಸಬೇಕಂತೆ. ಸಭ್ಯ ಭಾಷೆ ಒಂದು ಹೆಣ್ಣಿನ ಸಂಸಾರವನ್ನು ಬೀದಿಗೆ ತಂದು ನಿಲ್ಲಿಸಿತು.

ಪತ್ರಿಕೆಗಳಿಗೆ ಹಬ್ಬವೋ ಹಬ್ಬ. ದೊಡ್ಡವರು ಮನೆಯ ಮಾನ ಕಳೆದಳೆಂದು ಸೊಸೆಯನ್ನು ಹೊರಗೆ ಹಾಕಿದರು. ಅವಳು ಸೂಟ್‌ಕೇಸ್ ಹಿಡಿದು ತವರಿಗೆ ಹೊರಟ ಫೋಟೋ ಎಲ್ಲ ಕಡೆ ಬಂತು. ಗಂಡನಾದವನು ಅಪ್ಪನ ಬೆನ್ನ ಹಿಂದೆ ನಿಂತಿದ್ದ. ಹೂಂಗುಟ್ಟಮ್ಮ ಆ ಫೋಟೋದಲ್ಲಿ ಇನ್ನೊಬ್ಬಳನ್ನು ಹುಡುಕಿದಳು. ಮಾತು ಕೊಟ್ಟಿದ್ದು ಆ ಅತ್ತೆಗೆ, ಮುರಿದಂತಾಗಿದ್ದು ಈ ಸೊಸೆಯ ಬದುಕು. ಆ ಅತ್ತೆ ಈಗಲಾದರೂ ಬಾಯಿಬಿಡಬಹುದೇ ಎಂದು ದಿನವೂ ಕಾದಳು. ಅತ್ತೆ ಬಾಯಿಬಿಡಲಿಲ್ಲ. ಅವಳ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ತನ್ನ ಮೇಲೆಯೇ ನಾಚಿಕೆಯಾಯಿತು.

ಸಹಾಯವಾಣಿಯ ಗೂಡುಗಳು ತಣ್ಣಗಾದವು. ಯಾರು ಫೋನ್ ಮಾಡುತ್ತಾರೆ? ಮಾಡಿದವರಲ್ಲೂ ಕೆಲವರು "ಆ ಹೂಂ ಅಂದೋರು ನೀವೇನಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಪಕ್ಕದ ಗೂಡಿನವಳು ಸ್ವೆಟರ್ ಹೆಣೆಯತೊಡಗಿದಳು. ಹೂಂಗುಟ್ಟಮ್ಮ ಸುಮ್ಮನೆ ಕೂತು ಗೋಡೆಯ ತಟ್ಟೆಗಳನ್ನು ನೋಡುತ್ತಿದ್ದಳು. ಇಷ್ಟು ಸುಸ್ತು ಅವಳಿಗೆ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದ್ದ ಕಾಲದಲ್ಲೂ ಆಗಿರಲಿಲ್ಲ.

ಭಾವ ಮತ್ತೆ ಕೋರ್ಟಿಗೆ ಹೋದರು. ಆ ಹೌದನ್ನು ಅಳಿಸಿಕೊಡಿ ಎಂದರು. ಮತ್ತೆ ಬರಿಗೈ.

"ಈಗೇನಂತೆ?" ಎಂದು ಕೇಳಿದವಳು ಅಕ್ಕ.

"ಏನಂತೆ ಅಂದ್ರೆ, ಇವಳಿಗೆ ಶಿಕ್ಷೆ ಎಲ್ಲಾಗಿದೆ ಅಂತಾರೆ. ಉತ್ತರ ಕೊಟ್ಟಿದಾಳೆ, ಅವರು ಬರ್ಕೊಂಡಿದಾರೆ, ಮುಗೀತು. ಸಭೆ ಒಳಗೆ ಬರೆದ ಪುಟ ಸಭೆಯದ್ದು, ನಾವು ಕೈ ಹಾಕಂಗಿಲ್ಲ ಅಂದ್ರು. ತಪ್ಪಿದ್ರೆ ಸಮಿತಿಗೇ ಹೋಗಿ ತಿದ್ದಿಸ್ಕೊಳ್ಳಿ ಅಂತ."

"ಅಯ್ಯೋ, ತಪ್ಪು ಮಾಡ್ದೋರ ಹತ್ರಾನೇ?"

"ಮತ್ತೆ ಇನ್ಯಾರ ಹತ್ರ?" ಎಂದು ಭಾವ ಶೂ ಬಿಚ್ಚಲೂ ಮನಸ್ಸಿಲ್ಲದೆ ಗೋಡೆಗೆ ಒರಗಿದರು.

ತಿದ್ದುಪಡಿ ಕೇಳಿ ಅರ್ಜಿ ಹಾಕಿದ್ದಕ್ಕೆ ಸಮಿತಿ ಅವಳನ್ನು ಸಂತೋಷವಾಗಿ ಮತ್ತೆ ಕರೆಸಿತು. ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ಅವಳು ಇದನ್ನೇ ಯೋಚಿಸಿದಳು. ಸೊಸೆ ಅಲ್ಲ ಎಂದುಬಿಟ್ಟರೆ ಅದು ನಿಜ. ನಿಜ ಹೇಳಿದರೆ ಆ ಹುಡುಗಿ ಸೂಟ್‌ಕೇಸ್ ಎತ್ತಿಕೊಂಡು ಮನೆಗೆ ವಾಪಸು ಹೋಗಬಹುದು. ಆದರೆ ಆ ಮನೆಯಲ್ಲಿ ಇರುವುದೇ ಇಬ್ಬರು ಹೆಂಗಸರು. ಸೊಸೆ ಅಲ್ಲವೆಂದರೆ ಇನ್ಯಾರು ಎಂದು ಎಳೆ ಮಗುವೂ ಹೇಳುತ್ತದೆ. ಹೇಳಿದರೆ ಒಬ್ಬಳಿಗೆ ದ್ರೋಹ, ಹೇಳದಿದ್ದರೆ ಇನ್ನೊಬ್ಬಳಿಗೆ. ಯಾವ ಕಡೆ ತಿರುಗಿದರೂ ಅವಳಿಗೆ ದಾರಿ ಕಾಣಲಿಲ್ಲ. ಇಳಿಯುವ ಜಾಗ ಬಂದಾಗ ಕಂಡಕ್ಟರ್ ಕೂಗಬೇಕಾಯಿತು.

"ಹೂಂ ಅಂದ್ರೆ ಹೌದು ಅಂತ ಅಲ್ಲ. ಕೇಳಿಸ್ಕೋತಿದೀನಿ ಅಂತ. ಅದನ್ನ ತಿದ್ದಬೇಕು" ಎಂದಳು ಸಮಿತಿಯ ಮುಂದೆ.

"ಆಗ್ಲಿ, ತಿದ್ದೋಣ" ಎಂದರು ಅಧ್ಯಕ್ಷರು. "ಹೌದು ಅಲ್ಲ ಅಂದ್ರೆ, ಅಲ್ಲ ಅಂತ ಬರ್ಕೊಳ್ಳೋದಾ? ಸೊಸೆ ಅಲ್ವಾ?"

ಈ ಸಲ ಹೂಂ ಬರದಂತೆ ಅವಳು ತುಟಿ ಬಿಗಿಹಿಡಿದಿದ್ದಳು.

"ಹೌದು ಅಂತಾನೂ ಹೇಳಲ್ಲ. ಅಲ್ಲ ಅಂತಾನೂ ಹೇಳಲ್ಲ."

"ಒಂದ್ಸಲ ಉತ್ತರ ಕೊಟ್ಟು ಈಗ ಕೊಡಲ್ಲ ಅಂದ್ರೆ ಹೇಗಮ್ಮ? ಸಭೆ ಜೊತೆ ಆಟ ಆಡ್ತಿದೀರಾ?"

"ಇಲ್ಲ ಸ್ವಾಮಿ. ಆಟ ಆಡೋ ಶಕ್ತಿ ನನಗಿಲ್ಲ" ಎಂದಳು. ಅದು ಉದ್ಧಟತನವೆಂದು ಬರೆದುಕೊಂಡರು. ನಿಜವಾಗಿ ಅಂದು ಆ ಕೊಠಡಿಯಲ್ಲಿ ಯಾರಾದರೂ ಪೂರ್ತಿ ನಿಜ ಹೇಳಿದ್ದರೆ ಅದು ಆ ಮಾತೇ.

ಸಭೆಯಲ್ಲಿ ಮತಕ್ಕೆ ಹಾಕಿದರು. ಹಕ್ಕುಚ್ಯುತಿಯಾಗಿದೆ ಎಂದು ತೀರ್ಮಾನವಾಯಿತು. ಅಧಿವೇಶನ ಮುಗಿಯುವವರೆಗೆ ಹೆಂಗಸರ ಜೈಲು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಭಾವ ಮಾತ್ರ, ಹೇಳಬಾರದು, ಆದರೆ ಅವರ ಕಣ್ಣು ಸ್ವಲ್ಪ ಬೆಳಗಿತ್ತು. "ಈಗ ಏಟು ಬಿತ್ತು ನೋಡು. ಇನ್ನು ಕೋರ್ಟು ಬಾಗಿಲು ತೆಗೀಲೇಬೇಕು" ಎಂದರು. ಹೆಂಡತಿ ದುರುಗುಟ್ಟಿ ನೋಡಿದ ಮೇಲೆ ಸುಮ್ಮನಾದರು.

ಜೈಲಿನಲ್ಲಿ ಪಕ್ಕದ ಚಾಪೆಯವಳು ಮೊದಲ ದಿನವೇ ತನ್ನ ಕಥೆ ಹೇಳಲು ಕೂತಳು. ಹೂಂಗುಟ್ಟಮ್ಮ ತುಟಿ ಬಿಚ್ಚದೆ ಕೇಳಿದಳು. ಆ ಹೆಂಗಸು ಅರ್ಧಕ್ಕೆ ನಿಲ್ಲಿಸಿ, "ನಿದ್ದೆ ಬಂತೇನೋ, ಬಿಡು" ಎಂದು ಆ ಕಡೆ ತಿರುಗಿ ಮಲಗಿದಳು. ಎಚ್ಚರವಾಗಿದ್ದೇನೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ತನ್ನಿಂದ ಏನನ್ನು ಕಿತ್ತುಕೊಂಡರು ಎಂದು ಅವಳಿಗೆ ಅಂದು ಸರಿಯಾಗಿ ಅರ್ಥವಾಗಿ, ಗೋಡೆ ಕಡೆ ಮುಖ ಮಾಡಿ ಅತ್ತಳು.

ಕೋರ್ಟು ಬಾಗಿಲು ತೆಗೆಯಿತು. ನ್ಯಾಯಾಧೀಶೆ ವಯಸ್ಸಾದವರು, ಕೆಮ್ಮುತ್ತಲೇ ಇದ್ದರು. ಸಭೆಯ ವಕೀಲರು ದೊಡ್ಡ ದೊಡ್ಡ ಮಾತಾಡಿದರು. ಸಭೆ ಜನರದು, ಅದರ ಕಣ್ಣಿಗೆ ಪಟ್ಟಿ ಕಟ್ಟಬಾರದು ಎಂದರು. ಎಲ್ಲ ಕೇಳಿಸಿಕೊಂಡು ನ್ಯಾಯಾಧೀಶೆ ಒಂದೇ ಪ್ರಶ್ನೆ ಹಾಕಿದರು.

"ಸಿಬ್ಬಂದಿ ಸಾಲತ್ತೋ ಇಲ್ವೋ ಅಂತ ತಿಳ್ಕೊಳ್ಳಕ್ಕೆ, ಫೋನ್ ಮಾಡಿದ್ದು ಸೊಸೆನೋ ಇನ್ಯಾರೋ ಅಂತ ಯಾಕೆ ಬೇಕು?"

ಸಭೆಯ ವಕೀಲರು ಕಡತ ತಿರುವಿದರು. ತಿರುವುತ್ತಲೇ ಇದ್ದರು.

ತೀರ್ಪು ಬಂತು. ಸಭೆಗೆ ವಿಚಾರಿಸುವ ಅಧಿಕಾರ ಉಂಟು, ಅದು ಚಿಕ್ಕದಲ್ಲ. ಸದಸ್ಯರ ಮನಸ್ಸಿನಲ್ಲಿ ಏನಿತ್ತು ಎಂದು ನ್ಯಾಯಾಲಯ ಕೆದಕುವುದಿಲ್ಲ. ಆದರೆ ಉತ್ತರ ಕೊಡಲಿಲ್ಲವೆಂದು ಒಬ್ಬರನ್ನು ಜೈಲಿಗೆ ಹಾಕಿದಾಗ, ಕೇಳಿದ ಪ್ರಶ್ನೆಗೂ ಸಭೆ ವಹಿಸಿಕೊಟ್ಟ ವಿಷಯಕ್ಕೂ ಸಂಬಂಧ ಇತ್ತೇ ಎಂದು ನೋಡಲೇಬೇಕಾಗುತ್ತದೆ. ಇಲ್ಲಿ ಸಂಬಂಧ ಇಲ್ಲ. ಸಾಕ್ಷಿ ಉತ್ತರ ಕೊಡಬೇಕಾಗಿರಲಿಲ್ಲ. ಅವರನ್ನು ಬಿಡತಕ್ಕದ್ದು. ಕೊನೆಗೆ ಒಂದು ಸಾಲು. ವರದಿಯಲ್ಲಿರುವ ಹೌದು ಎಂಬುದನ್ನು ತಿದ್ದುವ ಅಧಿಕಾರ ಈ ನ್ಯಾಯಾಲಯಕ್ಕಿಲ್ಲ.

"ಮದುವೆ ಆಗಕ್ಕೆ ಸಂಬಂಧ ಬೇಕು, ಬಿಡುಗಡೆ ಆಗಕ್ಕೆ ಸಂಬಂಧ ಇರಬಾರದು. ಹೇಗೆ?" ಎಂದು ಭಾವ ತಮ್ಮ ಜೋಕಿಗೆ ತಾವೇ ನಕ್ಕು, ಕಾಗದಪತ್ರಕ್ಕೆ ಮುದ್ರೆ ಹಾಕಿಸಲು ಒಳಗೆ ಹೋದರು. ಬಾಡಿಗೆ ತಕರಾರಿನ ವಕೀಲರಿಗೆ ಇದು ಜನ್ಮದಲ್ಲೇ ದೊಡ್ಡ ಗೆಲುವು. ಹೂಂಗುಟ್ಟಮ್ಮ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಳು. ಗೆದ್ದವರ ಸಂತೋಷ ತನಗೆ ಯಾಕೆ ಬರುತ್ತಿಲ್ಲ ಎಂದು ಅವಳಿಗೇನೂ ಆಶ್ಚರ್ಯವಾಗಲಿಲ್ಲ.

ದುಪಟ್ಟಾವನ್ನು ತಲೆಯಿಂದ ಗಲ್ಲದವರೆಗೆ ಸುತ್ತಿಕೊಂಡಿದ್ದ ಹುಡುಗಿಯೊಬ್ಬಳು ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಮುಖದ ಬಟ್ಟೆ ಸ್ವಲ್ಪ ಸರಿಸಿದಾಗ ಗುರುತು ಸಿಕ್ಕಿತು. ದೊಡ್ಡವರ ಸೊಸೆ.

"ನನ್ನನ್ನ ಕ್ಷಮಿಸಿ" ಎಂದಳು ಹೂಂಗುಟ್ಟಮ್ಮ. "ನನ್ನಿಂದ ನಿಮ್ಮ ಸಂಸಾರ ಹಾಳಾಯ್ತು. ಆದ್ರೆ ನಾನು ಏನೂ ಹೇಳಕ್ಕಾಗಲ್ಲ. ನೀವು ಅಂತಾನೂ, ನೀವಲ್ಲ ಅಂತಾನೂ. ದಯವಿಟ್ಟು ಕೇಳ್ಬೇಡಿ."

"ಕೇಳಕ್ಕೆ ಬಂದಿಲ್ಲ" ಎಂದಳು ಹುಡುಗಿ. "ಇನ್ಮೇಲೆ ಯಾರೂ ನಿಮ್ಮನ್ನ ಜೈಲಿಗೆ ಹಾಕಲ್ಲ. ಧೈರ್ಯ ಬಂದು, ಪಾಪ ಆ ಹುಡುಗಿನ ಉಳಿಸೋಣ ಅಂತ ಎಲ್ಲಿ ಹೇಳ್ಬಿಡ್ತೀರೋ ಅಂತ ಭಯ ಆಯ್ತು. ಅದಕ್ಕೆ ಓಡಿ ಬಂದೆ. ಹೇಳ್ಬೇಡಿ."

ಹುಡುಗಿ ಇನ್ನಷ್ಟು ಹತ್ತಿರ ಸರಿದಳು.

"ಎಷ್ಟೋ ದಿನದಿಂದ ಅತ್ತೆ ತಲೆ ನಾನೇ ಬಾಚ್ತಿದ್ದೆ. ಅವರಿಗೆ ಕೈ ಮೇಲಕ್ಕೆ ಎತ್ತಕ್ಕಾಗ್ತಿರ್ಲಿಲ್ಲ. ವಾತ ಅಂತಿದ್ರು. ನಾನೂ ವಾತಾನೇ ಇರ್ಬೇಕು ಅಂತಿದ್ದೆ. ಅವರಿಗೂ ಗೊತ್ತು ನನಗೆ ಗೊತ್ತಿದೆ ಅಂತ. ಮಾತಾಡಿಲ್ಲ ಅಷ್ಟೇ."

"ನೀವು ಯಾರ ವಿಷಯ ಹೇಳ್ತಿದೀರೋ ನನಗೆ ಗೊತ್ತಿಲ್ಲ" ಎಂದಳು ಹೂಂಗುಟ್ಟಮ್ಮ.

"ಗೊತ್ತಿಲ್ದೇ ಇರ್ಲಿ. ಹಾಗೇ ಇರ್ಲಿ." ಹುಡುಗಿ ಮುಖಕ್ಕೆ ಮತ್ತೆ ಬಟ್ಟೆ ಸುತ್ತಿಕೊಂಡಳು. "ನನ್ನನ್ನ ಹೊರಗೆ ಹಾಕಿದ್ರು, ತವರಿಗೆ ಹೋದೆ. ಅಮ್ಮ ಬಾಗಿಲು ತೆಗೆದ್ಲು. ಅವರನ್ನ ಹೊರಗೆ ಹಾಕಿದ್ರೆ? ಈ ವಯಸ್ಸಲ್ಲಿ ಅವರಿಗೆ ಯಾವ ತವರಿದೆ ಹೇಳಿ."

ಹುಡುಗಿ ಎದ್ದು, ಎರಡು ಹೆಜ್ಜೆ ಹೋಗಿ ತಿರುಗಿದಳು. "ಸಹಾಯವಾಣಿ ಮುಚ್ಚಲ್ಲ ತಾನೆ? ಅವರು ಈಗ ಮನೇಲಿ ಒಬ್ಬರೇ ಇದಾರೆ" ಎಂದಳು. ಉತ್ತರಕ್ಕೆ ಕಾಯದೆ ಗೇಟಿನ ಕಡೆ ನಡೆದಳು.

ಭಾವ ಮುದ್ರೆ ಬಿದ್ದ ಕಾಗದ ಬೀಸುತ್ತಾ ಬಂದಾಗ ನಾದಿನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

"ಅಯ್ಯೋ, ಗೆದ್ದಿದೀವಿ ಕಣೇ! ಯಾಕೆ? ಯಾರದು ಈಗ ಹೋಗಿದ್ದು, ಏನಂದ್ಲು?"

"ಯಾರೋ ಗೊತ್ತಿಲ್ಲ ಭಾವ" ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಬಸ್ಸು ಎಲ್ಲಿ ನಿಲ್ಲತ್ತೆ ಅಂತ ಕೇಳಿದ್ಲು."